ಪದಚರ್ಚೆ: ಕ್ಯಾಟಲಿಟಿಕ್ ಸೌದೆ ಒಲೆಯ ‘ಬರ್ನ್ ಟೈಮ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಚಿಕ್ಕ ಕ್ಯಾಟಲಿಟಿಕ್ ಸೌದೆ ಒಲೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇದು ಅಡುಗೆ ಒಲೆಯಲ್ಲ. ಬಾಗಿಲು ಮುಚ್ಚಿಟ್ಟು ಕೋಣೆ ಬೆಚ್ಚಗೆ ಮಾಡುವ ಒಲೆ. ಅದರಲ್ಲಿ ‘ಬರ್ನ್ ಟೈಮ್’ ಎನ್ನುವ ಮಾತು ಪುಟಪುಟಕ್ಕೂ ಬರುತ್ತದೆ; ಒಂದು ಸಲ ತುಂಬಿದ ಸೌದೆ ಎಷ್ಟು ಹೊತ್ತು ಬರುತ್ತದೆ ಅನ್ನುವ ಲೆಕ್ಕ ಅದು. ‘ಉರಿಯುವ ಸಮಯ’ ಅಂದರೆ ಮುಗೀತಲ್ವಾ ಅಂತ ಕೇಳಬಹುದು. ಮುಗಿಯುವುದಿಲ್ಲ. ಯಾಕೆಂದರೆ ಈ ಒಲೆಯಲ್ಲಿ ಬಹಳ ಹೊತ್ತು ಉರಿಯೇ ಇರುವುದಿಲ್ಲ.

ಒಲೆ ಕೆಲಸ ಮಾಡುವ ರೀತಿ ಗೊತ್ತಾದರೆ ತೊಡಕು ಎಲ್ಲಿದೆ ಅಂತ ತಿಳಿಯುತ್ತದೆ. ಸೌದೆ ಕಾದಾಗ ಹೊರಡುವ ಹೊಗೆಯಲ್ಲಿ ಸುಡದೆ ಉಳಿದ ಇಂಧನ ಇರುತ್ತದೆ. ಅದು ತಾನಾಗಿ ಹೊತ್ತಿಕೊಳ್ಳಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಈ ಒಲೆಯ ಮೇಲ್ಭಾಗದಲ್ಲಿ ಜೇನುಹುಟ್ಟಿನ ಹಾಗೆ ತೂತುತೂತಾದ ಒಂದು ಬಿಲ್ಲೆ ಇರುತ್ತದೆ. ಇದೇ ಕ್ಯಾಟಲಿಸ್ಟ್, ಅಂದರೆ ವೇಗವರ್ಧಕ; ಒಲೆಗೆ ‘ಕ್ಯಾಟಲಿಟಿಕ್’ ಅನ್ನುವ ಹೆಸರು ಇದರಿಂದಲೇ. ಪಿಂಗಾಣಿಯದೋ ಉಕ್ಕಿನದೋ, ಮೇಲೆ ಪಲ್ಲಾಡಿಯಂ, ಪ್ಲಾಟಿನಂ ಲೇಪ. ಅದರೊಳಗೆ ಹಾಯುವಾಗ ಅದೇ ಹೊಗೆ 260 ಡಿಗ್ರಿ ಆಸುಪಾಸಿನಲ್ಲೇ ಸುಡುತ್ತದೆ. ಹಾಗಾಗಿ ಗಾಳಿಯನ್ನು ತುಂಬಾ ಕಡಿಮೆ ಮಾಡಬಹುದು. ಗಾಜಿನಾಚೆ ಜ್ವಾಲೆ ಕಾಣಿಸುವುದಿಲ್ಲ, ಒಳಗೆಲ್ಲ ಕಪ್ಪು. ಸೌದೆಯ ಅಂಚಿನಲ್ಲಿ ಅಲ್ಲಲ್ಲಿ ಕೆಂಪು ಕಂಡರೆ ಹೆಚ್ಚು. ಆದರೆ ಒಲೆಯ ಹತ್ತಿರ ಕೈ ತಂದರೆ ಚುರ್ ಅನ್ನುವಷ್ಟು ಬಿಸಿ. ಇದನ್ನು ‘ಉರಿಯುತ್ತಿದೆ’ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಇನ್ನೊಂದು ತೊಡಕು. ಒಬ್ಬೊಬ್ಬರು ಒಂದೊಂದನ್ನು ‘ಬರ್ನ್ ಟೈಮ್’ ಅನ್ನುತ್ತಾರೆ. ಕೆಲವರಿಗೆ ಅದು ಕೋಣೆಗೆ ಸಾಕಷ್ಟು ಕಾವು ಬರುತ್ತಿರುವಷ್ಟು ಹೊತ್ತು. ಇನ್ನು ಕೆಲವರಿಗೆ, ಬೆಂಕಿಕಡ್ಡಿ ಗೀರದೆ ಮತ್ತೆ ಸೌದೆ ಹತ್ತಿಸುವಷ್ಟು ಕೆಂಡ ಉಳಿದಿರುವಷ್ಟು ಹೊತ್ತು. ಎರಡರ ನಡುವೆ ಎಷ್ಟೋ ಗಂಟೆಗಳ ಅಂತರ ಇರುತ್ತದೆ. ಮಾರುವವರಿಗೆ ಎರಡನೆಯದೇ ಇಷ್ಟ, ಅಂಕಿ ದೊಡ್ಡದಾಗಿ ಕಾಣುತ್ತದೆ ನೋಡಿ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಒಲೆಯ ಗೂಡು 35 ಲೀಟರ್ ಅಂದುಕೊಳ್ಳಿ. ಗಟ್ಟಿ ಜಾತಿಯ ಒಣ ಸೌದೆ ಒತ್ತಾಗಿ ಜೋಡಿಸಿದರೆ ಸುಮಾರು 10 ಕೆಜಿ ಹಿಡಿಯುತ್ತದೆ. ಶೇ. 20ರಷ್ಟು ತೇವ ಇರುವ ಸೌದೆಯ ಪ್ರತಿ ಕೆಜಿಯಲ್ಲಿ ಹೆಚ್ಚುಕಡಿಮೆ 4 ಕಿಲೋವ್ಯಾಟ್ ಗಂಟೆಯಷ್ಟು ಶಾಖ. ಮುಕ್ಕಾಲು ಪಾಲು ಕೋಣೆಗೆ ದಕ್ಕಿತು ಅಂದರೂ ಒಟ್ಟು 30. ಅದನ್ನು 10 ಗಂಟೆ ಎಳೆದರೆ ಗಂಟೆಗೆ 3, 15 ಗಂಟೆ ಎಳೆದರೆ ಬರೀ 2. ಹೊತ್ತು ಜಾಸ್ತಿಯಾಯಿತು ಅಂತ ಕಾವು ಜಾಸ್ತಿಯಾಗಲಿಲ್ಲ, ತೆಳುವಾಗಿ ಹರಡಿತು ಅಷ್ಟೆ.

ಈಗ ಪದಗಳಿಗೆ ಬರೋಣ. ‘ಉರಿಹೊತ್ತು’ ಚಿಕ್ಕದು, ಚೊಕ್ಕದು. ಆದರೆ ‘ಹೊತ್ತು’ ಅಂದರೆ ಕಾಲವೂ ಹೌದು, ಬೆಂಕಿ ಹತ್ತಿಕೊಳ್ಳುವುದೂ ಹೌದು. ಓದುವವರು ತಡವರಿಸುತ್ತಾರೆ. ‘ಬಾಳಿಕೆ’ ನನಗೆ ಇಷ್ಟವೇ, ಆದರೆ ಅದನ್ನು ಬಿಲ್ಲೆಗೇ ಮೀಸಲಿಡಬೇಕು. ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಸುಟ್ಟರೆ ಹಾಳಾಗುವುದು ಬಿಲ್ಲೆಯ ಬಾಳಿಕೆ. ಮಾತಿನಲ್ಲಿ ನಾವು ‘ಈ ಸೌದೆ ಬೆಳಗಿನ ತನಕ ಬರುತ್ತೆ’ ಅನ್ನುತ್ತೇವೆ. ಎಲ್ಲಕ್ಕಿಂತ ಸಹಜ ಇದೇ. ಕೋಷ್ಟಕದ ತಲೆಬರಹಕ್ಕೆ ಮಾತ್ರ ಅದು ಒಗ್ಗುವುದಿಲ್ಲ.

ಸದ್ಯಕ್ಕೆ ಎರಡು ಪದ ಮಾಡಿಕೊಂಡಿದ್ದೇನೆ: ‘ಕಾವಿನ ಅವಧಿ’, ‘ಕೆಂಡದ ಅವಧಿ’. ‘ಉರಿ’ಯನ್ನು ಜ್ವಾಲೆಗಷ್ಟೇ ಬಿಟ್ಟಿದ್ದೇನೆ. ವಾಕ್ಯದಲ್ಲಿ ಕೂರಿಸಿದರೆ ಹೀಗೆ: ‘ದಪ್ಪ ಸೀಳುಗಳನ್ನು ಸಂದಿಲ್ಲದಂತೆ ಜೋಡಿಸಿದರೆ ಕಾವಿನ ಅವಧಿ ಹೆಚ್ಚುತ್ತದೆ. ಬೂದಿಯನ್ನೆಲ್ಲ ಬಳಿದು ತೆಗೆಯದೆ ಒಂದು ಅಂಗುಲದಷ್ಟು ಬಿಟ್ಟರೆ ಕೆಂಡದ ಅವಧಿ ಹೆಚ್ಚುತ್ತದೆ. ಬಾಗಿಲಿನ ಹಗ್ಗದ ಪಟ್ಟಿ ಸಡಿಲವಾಗಿ ಗಾಳಿ ನುಗ್ಗಿದರೆ ಎರಡೂ ಕಡಿಮೆಯಾಗುತ್ತವೆ. ಒಲೆ ಆರಿದಾಗ ಬಾಗಿಲಿಗೆ ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿ; ಸಲೀಸಾಗಿ ಬಂದರೆ ಪಟ್ಟಿ ಬದಲಿಸಿ.’ ಎರಡನೆಯ ವಾಕ್ಯಕ್ಕಂತೂ ವಿವರಣೆಯೇ ಬೇಡ, ‘ಬೂದಿ ಮುಚ್ಚಿದ ಕೆಂಡ’ ಗೊತ್ತಿಲ್ಲದ ಕನ್ನಡಿಗರಿಲ್ಲ.

ಒಂದು ಎಚ್ಚರಿಕೆಯ ಮಾತನ್ನು ಮಾತ್ರ ಯಾವ ಪದ ಬಂದರೂ ಬಿಡುವಂತಿಲ್ಲ. ಅವಧಿ ಹೆಚ್ಚಲಿ ಅಂತ ಸುಮ್ನೆ ಗಾಳಿ ಮುಚ್ಚುತ್ತಾ ಹೋದರೆ ಬಿಲ್ಲೆ ತಣ್ಣಗಾಗುತ್ತದೆ. ಆಗ ಹೊಗೆ ಸುಡದೆ ಚಿಮಣಿಯೊಳಗೆ ಅಂಟುಮಸಿಯಾಗಿ ಕೂರುತ್ತದೆ. ಮುಂದೆ ಅದಕ್ಕೇ ಬೆಂಕಿ ಹತ್ತಬಹುದು. ಹಸಿ ಸೌದೆ ಆದರೆ ಇದು ಇನ್ನೂ ಬೇಗ.

ಎರಡು ಪ್ರಶ್ನೆ. ಒಂದು, ‘ಕಾವಿನ ಅವಧಿ’ ಅಂದರೆ ಒಲೆ ಕಾಯಲು ಬೇಕಾದ ಸಮಯ ಅಂತ ಯಾರಿಗಾದರೂ ತೋರುತ್ತದೆಯೇ? ಎರಡು, ‘ಬೈಪಾಸ್’. ಸೌದೆ ತುಂಬುವಾಗ ಹೊಗೆ ಬಿಲ್ಲೆಯನ್ನು ಬಿಟ್ಟು ನೇರವಾಗಿ ಚಿಮಣಿಗೆ ಹೋಗಲು ತೆರೆಯುವ ಕಂಡಿ ಅದು. ಬಿಲ್ಲೆ ಸಾಕಷ್ಟು ಬಿಸಿಯಾದ ಮೇಲೆ ಮುಚ್ಚಬೇಕು. ‘ಅಡ್ಡದಾರಿ ಮುಚ್ಚಿ’ ಅಂತ ಬರೆದರೆ ನೀತಿಪಾಠದ ಹಾಗೆ ಕೇಳಿಸುತ್ತದೆ. ‘ನೇರಗಂಡಿ’ ಹೇಗೆ? ಇಲ್ಲವೇ ಬೈಪಾಸ್ ಎಂದೇ ಉಳಿಸಿಕೊಳ್ಳಲೇ?