ಆರನೇ ಕ್ಲಾಸಿನಿಂದ ಪಕ್ಕದೂರಿನ ಶಾಲೆ: ಸಾರಿಗೆ ಹಣಕ್ಕೆ ಯಾರು ಅರ್ಹರು, ಗಾಡಿ ಕರಾರು ಹೇಗೆ? (ಮಧುಗಿರಿ ತಾಲ್ಲೂಕು)

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ:
ನಮ್ಮೂರಲ್ಲಿ ಇರೋದು ಕಿರಿಯ ಪ್ರಾಥಮಿಕ ಶಾಲೆ, ಐದನೇ ಕ್ಲಾಸಿಗೆ ಮುಗೀತು. ಆರು, ಏಳಕ್ಕೆ ಪಕ್ಕದೂರಿಗೆ ಹೋಗಬೇಕು, ರಸ್ತೆಯಲ್ಲಿ 4 ಕಿ.ಮೀ. ಒಟ್ಟು 14 ಮಕ್ಕಳು. ಸರ್ಕಾರದ ಸಾರಿಗೆ ಹಣ ಇವರಿಗೆ ಸಿಗುತ್ತಾ? ಗಾಡಿ ಗೊತ್ತು ಮಾಡೋದಾದರೆ ಕರಾರಿನಲ್ಲಿ ಏನೇನಿರಬೇಕು? ಕೆಎಸ್‌ಆರ್‌ಟಿಸಿ ಬಸ್ ಇದೆ, ಆದರೆ ಬೆಳಿಗ್ಗೆ 8ಕ್ಕೇ ಹೋಗಿಬಿಡುತ್ತೆ.

ಯೋಜನೆ ಲೆಕ್ಕ:
ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಮಾದರಿ ನಿಯಮದಲ್ಲಿ 1ರಿಂದ 5ಕ್ಕೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು. ಇಲ್ಲದ ಕಡೆ ಉಚಿತ ಸಾರಿಗೆಯಂಥ ಏರ್ಪಾಡು ಸರ್ಕಾರದ ಹೊಣೆ. ನಿಮ್ಮದು 4 ಇರೋದರಿಂದ ಕೇಳುವ ಹಕ್ಕಿದೆ. ಹಣ ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಶಾಲಾ ಯೋಜನೆಯದ್ದು, ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 6,000 ರೂಪಾಯಿ. ಕೇಂದ್ರ 60, ರಾಜ್ಯ 40 ಪಾಲು.

ಹೆಚ್ಚಿನ ಕಡೆ ಎಡವೋದು ಎರಡು ಕಡೆ. ಊರಲ್ಲೇ ಐದನೇ ಕ್ಲಾಸ್ ಇದ್ದೂ ಪಕ್ಕದೂರಿಗೆ ಸೇರಿಸಿದ ಚಿಕ್ಕ ಮಕ್ಕಳನ್ನೂ ಪಟ್ಟಿಗೆ ಹಾಕ್ತಾರೆ. ಆ ಹೆಸರುಗಳು ಬಿದ್ದುಹೋಗ್ತವೆ, ಉಳಿದ ಪಟ್ಟಿ ಮೇಲೂ ಅನುಮಾನ ಬರುತ್ತೆ. ಇನ್ನೊಂದು, ಜೂನ್‌ನಲ್ಲಿ ಅರ್ಜಿ ಹಿಡಿದು ಓಡೋದು. ಅಷ್ಟೊತ್ತಿಗೆ ಆ ವರ್ಷದ ವಾರ್ಷಿಕ ಯೋಜನೆ ದೆಹಲಿಗೆ ಹೋಗಿರುತ್ತೆ. ಯುಡೈಸ್, ಸ್ಯಾಟ್ಸ್ ಅನ್ನೋ ಶಾಲೆ-ಮಕ್ಕಳ ಸರ್ಕಾರಿ ಆನ್‌ಲೈನ್ ದಾಖಲೆಗಳಲ್ಲಿ ಮಗುವಿನ ಊರು ತಪ್ಪಿದ್ದರೆ ದೂರ ಎಷ್ಟಿದ್ದರೂ ಉಪಯೋಗವಿಲ್ಲ. ಮುಖ್ಯಶಿಕ್ಷಕರ ಕೈಲಿ ಈಗಲೇ ಸರಿಮಾಡಿಸಿ, ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಹತ್ತಿರ ದೂರದ ದೃಢೀಕರಣ ತಗೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೀರಿ. ಮಧುಗಿರಿ ಬೇರೆ ಶೈಕ್ಷಣಿಕ ಜಿಲ್ಲೆ, ತುಮಕೂರಿನ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಕಚೇರಿಗೆ ಅಲೆಯೋದು ಬೇಡ. ದಾರಿಯಲ್ಲಿ ಹಳ್ಳ, ಹೆದ್ದಾರಿ ದಾಟುವುದಿದ್ದರೆ ಬರೆಯಿರಿ. ಅಪಾಯದ ದಾರಿಗೆ ದೂರದ ಮಿತಿ ಇಳಿಸಬೇಕು ಅಂತಲೂ ಅದೇ ನಿಯಮ ಹೇಳುತ್ತೆ.

ಗಾಡಿ ಕಾಗದ:
ಮೊದಲು ಹಣದ ಲೆಕ್ಕ ನೋಡಿ. 14 ಮಕ್ಕಳಿಗೆ ಪೂರ್ತಿ ಸಿಕ್ಕರೂ 84,000. ಶಾಲೆ 220 ದಿನ ಅಂದ್ಕೊಂಡರೆ ದಿನಕ್ಕೆ ಸುಮಾರು 380 ರೂಪಾಯಿ. ಖಾಲಿ ಓಟವೂ ಸೇರಿ ದಿನಕ್ಕೆ 16 ಕಿ.ಮೀ. ಓಡಬೇಕು. ಬೇರೆ ಬಾಡಿಗೆಯೂ ಇರುವ ಊರಿನ ಗಾಡಿಯವರು ಒಪ್ಪಬಹುದು, ಇದನ್ನೇ ನಂಬಿದವರಿಗೆ ಗಿಟ್ಟಲ್ಲ.

ವೈಟ್ ಬೋರ್ಡ್ (ಬಾಡಿಗೆ ಪರ್ಮಿಟ್ ಇಲ್ಲದ ಸ್ವಂತ ಬಳಕೆಯ) ಗಾಡಿ, ಲಗೇಜ್ ಗಾಡಿ ಬೇಡವೇ ಬೇಡ. ಅಪಘಾತವಾದರೆ ವಿಮೆಯವರು ಪರ್ಮಿಟ್ ಇಲ್ಲ ಅಂತ ಮೊದಲು ತಕರಾರು ತೆಗೀತಾರೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಪ್ರಮಾಣಪತ್ರ) 8 ವರ್ಷದೊಳಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ದಾಟಿದ್ದಕ್ಕೆ ವರ್ಷಕ್ಕೊಮ್ಮೆ. ಅದು ಮುಗಿಯುವ ತಾರೀಖನ್ನು ಕರಾರಿನಲ್ಲೇ ಬರೆಸಿ. ಮ್ಯಾಕ್ಸಿಕ್ಯಾಬ್‌ನಲ್ಲಿ ಡ್ರೈವರ್ ಬಿಟ್ಟು 12 ಸೀಟಿಗಿಂತ ಹೆಚ್ಚಿರಲ್ಲ. ಏಳನೇ ಕ್ಲಾಸಿನ ಮಕ್ಕಳನ್ನು ತೊಡೆ ಮೇಲೆ ಕೂರಿಸೋಕಾಗುತ್ತಾ? 14 ಜನಕ್ಕೆ ದೊಡ್ಡ ಟೆಂಪೋ ಟ್ರಾವೆಲರ್ರೇ ಬೇಕು.

ಎಸ್‌ಡಿಎಂಸಿ ನಡಾವಳಿ ಆಗದೆ ಕೊಟೇಷನ್ ಕರೀಬೇಡಿ, ಆಡಿಟ್‌ನಲ್ಲಿ ಮೊದಲು ಕೇಳೋದೇ ಅದು. ತಿಂಗಳಿಗಿಷ್ಟು ಅಂತ ಗುತ್ತಿಗೆ ಮಾತಾಡಬೇಡಿ, ಓಡಿದ ದಿನಕ್ಕೆ ಮಾತ್ರ ಬಾಡಿಗೆ ಅಂತ ಬರೆಸಿ. ಗಾಡಿ ಕೆಟ್ಟರೆ ಬದಲಿ ಗಾಡಿ ಮಾಲೀಕರದ್ದೇ ಹೊಣೆ. ಹತ್ತಿದ ಮಕ್ಕಳ ಹೆಸರು ಬರೆಯುವ ಲಾಗ್ ಪುಸ್ತಕಕ್ಕೆ ಶಿಕ್ಷಕರ ಸಹಿ ದಿನಾ ಬೀಳಲಿ. ತಿಂಗಳ ಕೊನೆಗೆ ಒಟ್ಟಿಗೆ ಹಾಕಿದ ಸಹಿ ನೋಡಿದ ತಕ್ಷಣ ಗೊತ್ತಾಗುತ್ತೆ.

ಡಿಪೋ ಕಡೆಯವ:
ಯೋಜನೆಗೆ ಪಟ್ಟಿ ಕೊಡಿ, ಆದರೆ ಈ ವರ್ಷಕ್ಕೆ ಬಸ್ಸೇ ದಾರಿ. ಹೊಸ ಬಸ್ ಕೇಳಿದರೆ ಗಾಡಿ, ಡ್ರೈವರ್, ಕಂಡಕ್ಟರ್ ಎಲ್ಲ ಬೇಕು, ಅರ್ಜಿ ತುಮಕೂರು ವಿಭಾಗದಲ್ಲೇ ಕೂರುತ್ತೆ. ಇರುವ 8 ಗಂಟೆ ಟ್ರಿಪ್ಪನ್ನು 9 ಗಂಟೆಗೆ ಮಾಡಿ ಅಂತ ಕೇಳಿ. ಆ ಬಸ್ ಮುಂದೆ ಎಲ್ಲಿಗೆ ಹೋಗುತ್ತೆ ನೋಡ್ಕೊಳ್ಳಿ, ಕಾಲೇಜು ಮಕ್ಕಳು ಅದನ್ನೇ ನಂಬಿದ್ದರೆ ಬೆಳಗಿನದು ಬದಲಾಗಲ್ಲ, ಆಗ ಇನ್ನೊಂದು ಟ್ರಿಪ್ಪನ್ನು ನಿಮ್ಮೂರ ಮೇಲೆ ತಿರುಗಿಸಿ ಅಂತ ಕೇಳಬೇಕು.

ಡಿಪೋ ನೋಡೋದು ಕಿ.ಮೀ.ಗೆ ಬರುವ ಆದಾಯ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದರೆ ಅದರ ಹಣ ಸರ್ಕಾರ ನಿಗಮಕ್ಕೆ ತುಂಬುತ್ತೆ. ಟಿಕೆಟ್ ಕೇಳದೆ ಸುಮ್ಮನೆ ಹತ್ತಿ ಇಳಿದರೆ ಆ ಟ್ರಿಪ್ ಖಾಲಿ ಓಡಿದ ಹಾಗೆ ಕಾಣುತ್ತೆ. ಗಂಡುಮಕ್ಕಳು ಪಾಸಿನವರು, ಅವರಿಗೆ ದಿನಾ ಟಿಕೆಟ್ ಹರಿಯಲ್ಲ, ಹಾಗಾಗಿ ಪಾಸ್ ನಂಬರ್‌ಗಳನ್ನೇ ಅರ್ಜಿ ಜೊತೆ ಲಗತ್ತಿಸಿ. ನಿಲ್ದಾಣವಾರು ಎಷ್ಟು ಮಕ್ಕಳು, ಗಂಟೆ ಹೊಡೆಯೋದು, ಬಿಡೋದು ಎಷ್ಟು ಹೊತ್ತಿಗೆ, ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಮಧುಗಿರಿ ಘಟಕ ವ್ಯವಸ್ಥಾಪಕರಿಗೆ ಕೊಡಿ, ಅದರ ನಕಲನ್ನು ವಿಭಾಗೀಯ ನಿಯಂತ್ರಣಾಧಿಕಾರಿಗೆ ಕೊಡಿ. ಸರ್ವೆಗೆ ಬಂದಾಗ ಬಸ್ ತಿರುಗಿಸೋ ಜಾಗದಲ್ಲಿ ಹುಲ್ಲಿನ ಬಣವೆ, ಟ್ರಾಲಿ ಇರದ ಹಾಗೆ ನೋಡ್ಕೊಳ್ಳಿ. ರಿವರ್ಸ್ ತಗೊಂಡೇ ಹೋಗಬೇಕು ಅನ್ನೋ ರಸ್ತೆ ಆದರೆ ಅಲ್ಲಿಗೇ ಬೇಡ ಅಂತ ಬರೀತಾರೆ.