ಪ್ರದರ್ಶನಕ್ಕೆಂದು ಕೌದಿ ಹೊಲಿಯುವಾಗ ಕೈ ಓಡದಿದ್ದರೆ: ಹೊಲಿಯುವವರ ಅನುಭವಗಳು

ಪ್ರಶ್ನೆ (ಬಾಗಲಕೋಟೆ ಜಿಲ್ಲೆಯಿಂದ)

ತಾಯಿಯಿಂದ ಕಲಿತ ಕೌದಿಯನ್ನು ಇದುವರೆಗೆ ಮನೆಮಂದಿಗಾಗಿ ಮಾತ್ರ ಹೊಲಿಯುತ್ತ ಬಂದಿದ್ದೇನೆ. ಈಗ ಕಲಾ ಪ್ರದರ್ಶನವೊಂದಕ್ಕೆ ಒಂದು ಕೌದಿ ಕೊಡಿರೆಂದು ಕೇಳಿದ್ದಾರೆ. ಅಂದಿನಿಂದ ಅರಿವೆ ಹರವಿಕೊಂಡು ಕುಳಿತರೂ ಏನೂ ಹೊಳೆಯುತ್ತಿಲ್ಲ. ನಿಮಗೆ ಹೊಳಹು ಎಲ್ಲಿಂದ ಬರುತ್ತದೆ? ಪ್ರದರ್ಶನಕ್ಕೆಂದು ಹೊಲಿಯುವಾಗ ಏನನ್ನು ಬದಲಿಸಬೇಕು, ಏನನ್ನು ಬದಲಿಸಬಾರದು?

ಧಾರವಾಡದಿಂದ

ಅಕ್ಕಾ, ಪ್ರದರ್ಶನವೆಂಬ ಮಾತು ಕಿವಿಗೆ ಬಿದ್ದೊಡನೆ ನಾವು ಮೊದಲು ಒಂದು ಚಿತ್ರವನ್ನು ಮನಸ್ಸಿನಲ್ಲಿ ಕಟ್ಟಿ, ಆಮೇಲೆ ಅದಕ್ಕೆ ತಕ್ಕ ಬಟ್ಟೆಯನ್ನು ಹುಡುಕಲು ಹೊರಡುತ್ತೇವೆ. ಕೌದಿ ಹುಟ್ಟುವ ಬಗೆ ಇದಕ್ಕೆ ಪೂರ್ತಿ ತಿರುಗಾಮುರುಗಾ. ಕೈಯಲ್ಲಿರುವ ಹಳೆಯ ಬಟ್ಟೆಯೇ ಅಲ್ಲಿ ಮೊದಲು, ವಿನ್ಯಾಸ ಆಮೇಲೆ. ಆದ್ದರಿಂದ ನಾನು ಬಟ್ಟೆಗಳನ್ನು ಬಣ್ಣ ನೋಡಿ ವಿಂಗಡಿಸುವುದಿಲ್ಲ, ಸವೆದದ್ದೆಷ್ಟು ಗಟ್ಟಿಯಿರುವುದೆಷ್ಟು ಎಂದು ನೋಡಿ ವಿಂಗಡಿಸುತ್ತೇನೆ. ಹಳೆಯ ಇಳಕಲ್ ಸೀರೆಯೊಂದನ್ನು ಬೆಳಕಿಗೆ ಹಿಡಿದು ನೋಡಿ. ಉಟ್ಟು ಕುಳಿತು ಎದ್ದು ಒಡಲು ಜಾಳಾಗಿರುತ್ತದೆ, ಆದರೆ ದಡಿ ಮತ್ತು ಸೆರಗು ಇನ್ನೂ ಗಟ್ಟಿಯಾಗಿಯೇ ಇರುತ್ತವೆ. ಒಡಲನ್ನು ಒಳಪದರಕ್ಕೆ ಹಾಕಿದರೆ ಮೇಲ್ಪದರಕ್ಕೆ ಉಳಿಯುವುದು ದಡಿಯ ಉದ್ದನೆಯ ಪಟ್ಟಿಗಳು ಮತ್ತು ಸೆರಗಿನ ಅಗಲವಾದ ತುಂಡುಗಳು, ಅಂದರೆ ವಿನ್ಯಾಸದ ಅರ್ಧ ಭಾಗವನ್ನು ಸೀರೆಯೇ ನಿರ್ಧರಿಸಿ ಕೊಟ್ಟಿರುತ್ತದೆ.

ನನ್ನ ಈಚಿನ ಕೌದಿ ಮೂಡಿದ್ದು ಹೀಗೆಯೇ. ಇಳಕಲ್ ಸೆರಗಿನ ಕೆಂಪಿನ ಮೇಲೆ ಬಿಳಿಯ ತೆನೆಗಳು ಸಾಲಾಗಿ ಎದ್ದು ನಿಲ್ಲುತ್ತವೆಯಲ್ಲ, ಅಂಥ ಎರಡು ಸೆರಗುಗಳನ್ನು ಎದುರುಬದುರಾಗಿ ಇಟ್ಟಾಗ ಒಂದರ ತೆನೆಗಳು ಇನ್ನೊಂದರ ಸಂದುಗಳಲ್ಲಿ ಕೂತವು. ನಡುವೆ ಚಿಕ್ಕಿ ಪರಾಸ್ ಎಂಬ ವಿನ್ಯಾಸದ ದಡಿಯ ಒಂದೇ ಪಟ್ಟಿಯನ್ನು ಹಾಯಿಸಿದೆ, ಸುತ್ತಲೂ ಮಾಸಿದ ಧೋತರದ ಬಿಳಿಯನ್ನು ಬಿಟ್ಟೆ. ಇದನ್ನು ಕಾಗದದ ಮೇಲೆ ಬರೆದು ಯೋಚಿಸಿದ್ದರೆ ನನಗೆ ಎಂದೂ ಹೊಳೆಯುತ್ತಿರಲಿಲ್ಲ.

ತುಂಡುಗಳನ್ನು ನೆಲದ ಮೇಲೆ ಹರವುವ ಬದಲು ಗೋಡೆಗೆ ಹಳೆಯ ಚಾದರವೊಂದನ್ನು ಕಟ್ಟಿ, ಅದರ ಮೇಲೆ ಗುಂಡುಪಿನ್ನಿನಿಂದ ಚುಚ್ಚಿಡಿ. ಅಡುಗೆಮನೆಗೆ ಹೋಗುವಾಗ, ಬರುವಾಗ ಅದು ಕಣ್ಣಿಗೆ ಬೀಳುತ್ತಿರಲಿ, ಯಾವ ತುಂಡು ಎಲ್ಲಿಗೆ ಹೋಗಬೇಕೆಂಬುದು ತಾನಾಗಿ ತಿಳಿಯುತ್ತದೆ. ಫೋನಿನಲ್ಲಿ ಅದರ ಕಪ್ಪು-ಬಿಳುಪು ಫೋಟೊ ತೆಗೆದು ನೋಡುವುದೂ ಒಳ್ಳೆಯದು, ಏಕೆಂದರೆ ಬಣ್ಣಗಳು ಮರೆಯಾದಾಗ ಯಾವುದು ತಿಳಿ, ಯಾವುದು ಗಾಢ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಹೊಳಹು ಎಲ್ಲಿಂದ ಬರುತ್ತದೆಂದು ಕೇಳಿದಿರಿ. ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಬಳಿದ ಗುಡಿಯ ಗೋಡೆ, ಎರೆಹೊಲದ ನೇಗಿಲ ಸಾಲು, ಸಂತೆಯಲ್ಲಿ ಸುರಿದ ಮೆಣಸಿನಕಾಯಿಯ ರಾಶಿ, ಇವೆಲ್ಲ ನನ್ನ ಕೌದಿಗಳಿಗೆ ಬಂದಿವೆ. ಆದರೆ ಅವು ಚಿತ್ರವಾಗಿ ಬಂದಿಲ್ಲ, ಯಾವ ಬಣ್ಣದ ಪಕ್ಕದಲ್ಲಿ ಯಾವ ಬಣ್ಣ ಇರಬೇಕೆಂಬ ಧೈರ್ಯವಾಗಿ ಬಂದಿವೆ.

ಯಲ್ಲಾಪುರದಿಂದ

ನಮ್ಮ ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಾಂದಿಯನ್ನು, ಅಂದರೆ ಅವರ ಕೌದಿಯನ್ನು, ಸಾಧ್ಯವಾದರೆ ಅವರ ಪಕ್ಕದಲ್ಲಿ ಕುಳಿತು ನೋಡಿ ಬನ್ನಿ. ಅವರು ನಕ್ಷೆ ಬರೆದುಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಆರಂಭಿಸಿ, ತುಂಡಿನ ಪಕ್ಕ ತುಂಡನ್ನು ಇಡುತ್ತ, ಅಂಚಿನ ಗುಂಟ ಸುತ್ತುತ್ತ ಒಳಗೆ ನಡುವಿನ ಕಡೆಗೆ ಬರುತ್ತಾರೆ, ಮತ್ತು ಮುಂದಿನ ತುಂಡು ಯಾವುದೆಂಬುದನ್ನು ಆ ಗಳಿಗೆಯಲ್ಲೇ ನಿರ್ಧರಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಚಿದ ಬಟ್ಟೆಯ ಫೂಲಗಳನ್ನು ಹಚ್ಚುತ್ತಾರೆ. ಫೂಲವಿಲ್ಲದ ಕವಾಂದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಇವೇ ಕವಾಂದಿಗಳು 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಆ ಪ್ರದರ್ಶನಕ್ಕಾಗಿ ದುಡಿದವರು. ಮಕ್ಕಳು ಮಲಗಲೆಂದು ಹೊಲಿಯುವ ಕ್ರಮವನ್ನೇ ಅಷ್ಟು ದೂರದ ಜನ ನಿಂತು ನೋಡಿದರೆಂಬುದನ್ನು ನೀವು ಗಮನಿಸಬೇಕು. ಒಮ್ಮೆ ನೀವೂ ನಡುವಿನಿಂದ ಆರಂಭಿಸುವುದನ್ನು ಬಿಟ್ಟು, ಮೂಲೆಯಿಂದ ಹೊರಟು ನೋಡಿ.

ಅಮೆರಿಕದ ಅಟ್ಲಾಂಟಾದಿಂದ

ನಾನು ಇಲ್ಲಿಗೆ ಬಂದ ಮೇಲೆ ಕೌದಿಯನ್ನು ಮತ್ತೆ ಕೈಗೆತ್ತಿಕೊಳ್ಳುವಂತೆ ಮಾಡಿದವರು ಪಕ್ಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಊರಿನ ಕಪ್ಪು ಹೆಣ್ಣುಮಕ್ಕಳು. ಅವರು ಚಳಿಗೆ ಹೊದೆಯಲೆಂದು ಹೊಲದ ಕೆಲಸದ ಹಳೆಯ ಉಡುಪುಗಳಿಂದ ತಲೆಮಾರುಗಳ ಕಾಲ ಹೊಲಿದ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ವಸ್ತುಸಂಗ್ರಹಾಲಯದಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಕಲಾ ವಸ್ತುಸಂಗ್ರಹಾಲಯದಲ್ಲಿ ಗೋಡೆಯೇರಿದವು. 2006ರಲ್ಲಿ ಅವುಗಳ ಚಿತ್ರವಿರುವ ಅಂಚೆ ಚೀಟಿಗಳೂ ಬಂದವು. ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ ಸಂಗತಿ ಇನ್ನೊಂದಿದೆ. 1972ರಲ್ಲಿ ಅಲ್ಲಿನ ಹೊಲಿಗೆಯವರ ಸಹಕಾರ ಸಂಘಕ್ಕೆ ದೊಡ್ಡ ಅಂಗಡಿಯೊಂದರಿಂದ ಕಾರ್ಡುರಾಯ್ ದಿಂಬಿನ ಗವಸುಗಳನ್ನು ಹೊಲಿಯುವ ಕೆಲಸ ಸಿಕ್ಕಿತು. ಮಿಕ್ಕ ತುಂಡುಗಳನ್ನು ಅವರು ಮನೆಗೆ ಒಯ್ದರು. ದಪ್ಪನೆಯ ಆ ಬಟ್ಟೆಯಲ್ಲಿ ಸಣ್ಣ ತುಂಡುಗಳ ಕುಸುರಿ ಕಷ್ಟ, ಹಾಗಾಗಿ ದೊಡ್ಡ ದೊಡ್ಡ ಚೌಕಗಳು, ಅಗಲವಾದ ಪಟ್ಟಿಗಳು ಮೂಡಿದವು. ಆ ಸರಳತೆಯನ್ನೇ ಇಂದು ಜನ ಬೆರಗಾಗಿ ನೋಡುತ್ತಾರೆ. ಹೊಸತನ ಬೇಕೆಂದಾದರೆ ನಿಮಗೆ ರೂಢಿಯಿಲ್ಲದ ಒಂದು ಬಟ್ಟೆಯನ್ನು ತೆಗೆದುಕೊಂಡು, ಅದು ಏನನ್ನು ಮಾಡಗೊಡುತ್ತದೆಯೋ ಅಷ್ಟನ್ನೇ ಮಾಡಿ ನೋಡಿ.

ಬೆಂಗಳೂರಿನಿಂದ

ಮೇಲಿನವರು ಹೇಳಿದ್ದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ವಿನ್ಯಾಸವನ್ನು ಪ್ರದರ್ಶನಕ್ಕಾಗಿ ಬದಲಿಸಬೇಡಿ. ಬದಲಿಸಬೇಕಾದದ್ದು ಕೆಲಸವನ್ನು ಮುಗಿಸುವ ರೀತಿಯನ್ನು ಮಾತ್ರ. ಹಾಸಿಗೆಯ ಮೇಲಿನ ಕೌದಿಗೆ ತನ್ನ ಭಾರವನ್ನು ಹೊರುವ ಅಗತ್ಯವಿಲ್ಲ, ಗೋಡೆಯ ಮೇಲಿನದಕ್ಕೆ ಇದೆ. ಆದ್ದರಿಂದ ಹಿಂಬದಿಯ ಮೇಲ್ತುದಿಯಲ್ಲಿ ಸುಮಾರು 4 ಅಂಗುಲ ಅಗಲದ ಬಟ್ಟೆಯ ನಾಳವನ್ನು ಉದ್ದಕ್ಕೂ ಹೊಲಿದು, ಅದರೊಳಗೆ ಕೋಲು ತೂರಿಸಿ ತೂಗುಹಾಕಬೇಕು. ಮೊಳೆ ಅಥವಾ ಕ್ಲಿಪ್ಪಿನಿಂದ ಸಿಕ್ಕಿಸಿದರೆ ಆ ಒಂದೊಂದು ಜಾಗವೇ ಎಳೆತ ತಿಂದು ಹರಿಯುತ್ತದೆ. ಕೆಂಪು ಬಟ್ಟೆಯನ್ನು ಹೊಲಿಯುವ ಮೊದಲು ಒದ್ದೆಯಾದ ಬಿಳಿ ಅರಿವೆಯಿಂದ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳಿ. ಹಿಂಬದಿಯ ಒಂದು ಮೂಲೆಯಲ್ಲಿ ನಿಮ್ಮ ಹೆಸರು, ಊರು, ವರ್ಷ, ಯಾರ ಯಾರ ಸೀರೆಗಳೆಂಬುದನ್ನು ಚಿಕ್ಕ ಬಟ್ಟೆಯ ಮೇಲೆ ಬರೆದು ಹೊಲಿಯಿರಿ. ನಮ್ಮ ಅಜ್ಜಿಯರ ಎಷ್ಟೋ ಕೌದಿಗಳು ಇಂದು ಯಾರದ್ದೆಂದು ತಿಳಿಯದಂತಾಗಿರುವುದು ಈ ನಾಲ್ಕು ಅಕ್ಷರಗಳಿಲ್ಲದೆ.

ಇನ್ನೊಂದು ಮಾತು. ಜನ ಕೌದಿಯನ್ನು ಮುಟ್ಟದೆ ಬಿಡುವುದಿಲ್ಲ, ಮುಟ್ಟಬೇಡಿರೆಂದು ಹೇಳುವುದು ನನಗೂ ಸರಿಯೆನಿಸುವುದಿಲ್ಲ. ಅದೇ ಬಟ್ಟೆ, ಅದೇ ಹೊಲಿಗೆಯಲ್ಲಿ ಅಂಗೈ ಅಗಲದ ಒಂದು ಮಾದರಿಯನ್ನು ಪಕ್ಕದಲ್ಲಿ ತೂಗುಬಿಟ್ಟರೆ ಅವರ ಆಸೆಯೂ ತೀರುತ್ತದೆ, ನಿಮ್ಮ ಕೌದಿಯೂ ಮಾಸುವುದಿಲ್ಲ. ಕೊಡುವ ಮೊದಲು ಒಂದೆರಡು ಕಡೆ ಸುಮ್ಮನೆ ನೋಡುಗರಾಗಿ ಹೋಗಿ ಬನ್ನಿ. 2003ರಿಂದ ಇಲ್ಲಿನ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುತ್ತಿರುವ ಚಿತ್ರಸಂತೆಯಲ್ಲಿ ಜನ ಒಂದು ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ, ಏನು ಕೇಳುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬಹುದು. ಕೌದಿಯನ್ನು ಕಳಿಸುವಾಗ ಮಡಚದೆ, ಒಳಗೆ ಹಳೆಯ ಹತ್ತಿ ಬಟ್ಟೆಯಿಟ್ಟು ಸುರುಳಿ ಸುತ್ತಿ. ಮಡಚಲೇಬೇಕಾದರೆ ಪ್ರತಿ ಸಲವೂ ಮಡಿಕೆ ಬೇರೆ ಜಾಗದಲ್ಲಿ ಬೀಳುವಂತೆ ನೋಡಿಕೊಳ್ಳಿ.