ವಿದೇಶಿ ಏಜೆನ್ಸಿಗಳಿಗೆ ಅನುವಾದ: ಯಾರನ್ನು ನಂಬುವುದು, ಹೇಗೆ ತಿಳಿಯುವುದು?

ಶರಾವತಿ_ತೀರ:

ಎಲ್ಲರಿಗೂ ನಮಸ್ಕಾರ. ನಾನು ಸಾಗರದವಳು. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಇಲ್ಲಿಯವರೆಗೆ ಬೆಂಗಳೂರಿನ ಒಂದೇ ಏಜೆನ್ಸಿಗೆ ಕೆಲಸ ಮಾಡಿದ್ದೇನೆ. ಈಗ ಅನುವಾದಕರ ಜಾಲತಾಣವಾದ ಪ್ರೋಝ್ ಡಾಟ್ ಕಾಮ್‌ನಲ್ಲಿ ಪ್ರೊಫೈಲ್ ಹಾಕಿದ ಮೇಲೆ ಹೊರದೇಶದಿಂದ ಎರಡು ಮೇಲ್ ಬಂದಿವೆ.

ಮೊದಲನೆಯದು ಲಂಡನ್ ಕಂಪನಿಯೊಂದರ ಪ್ರಾಜೆಕ್ಟ್ ಮ್ಯಾನೇಜರ್ ಕಳಿಸಿದ್ದು. 18,000 ಪದಗಳ ಕೆಲಸ, ನಾಲ್ಕು ದಿನದಲ್ಲಿ ಬೇಕಂತೆ. ಕ್ಲಿನಿಕಲ್ ಟ್ರಯಲ್‌ನಲ್ಲಿ ಭಾಗವಹಿಸುವವರಿಗೆ ಕೊಡುವ ಒಪ್ಪಿಗೆ ಪತ್ರಗಳು. ಪದಕ್ಕೆ 8 ಪೆನ್ಸ್. ಬೆಂಗಳೂರಿನವರು ಕೊಡುವುದರ ಐದು ಪಟ್ಟಿಗಿಂತ ಜಾಸ್ತಿ! ಹಣ ಮಾತ್ರ ಇನ್‌ವಾಯ್ಸ್ ಕೊಟ್ಟ ತಿಂಗಳು ಮುಗಿದು 60 ದಿನಕ್ಕೆ. ಮೇಲ್ ಬಂದದ್ದು ಜಿಮೇಲ್ ವಿಳಾಸದಿಂದ. ಸಿವಿ, ಪದವಿ ಪ್ರಮಾಣಪತ್ರ, ಪ್ಯಾನ್ ಕಾರ್ಡ್ ಪ್ರತಿ ಇವತ್ತೇ ಕಳಿಸಿ ಅನ್ನುತ್ತಿದ್ದಾರೆ.

ಇನ್ನೊಂದು ಜರ್ಮನಿಯ ಸಣ್ಣ ಏಜೆನ್ಸಿ. ಬಟ್ಟೆ ಒಗೆಯುವ ಯಂತ್ರದ ಕೈಪಿಡಿ. ಪದಕ್ಕೆ 4 ಯೂರೋ ಸೆಂಟ್, 30 ದಿನಕ್ಕೆ ಹಣ. ಆದರೆ ಪ್ರಶ್ನೆಗಳು ಒಂದೆರಡಲ್ಲ. ಯಾವ ಸಾಫ್ಟ್‌ವೇರ್ ಬಳಸುತ್ತೀರಿ, ಯೂನಿಕೋಡ್‌ನಲ್ಲೇ ಟೈಪ್ ಮಾಡುತ್ತೀರಾ, ಯಂತ್ರದ ಭಾಗಗಳ ಹೆಸರು ಇಂಗ್ಲಿಷಿನಲ್ಲೇ ಇರಲಾ, ನಿಮ್ಮ ಅನುವಾದವನ್ನು ತಿದ್ದಲು ಇನ್ನೊಬ್ಬ ಕನ್ನಡದವರು ಗೊತ್ತಾ ಅಂತೆಲ್ಲ. 250 ಪದದ ಪರೀಕ್ಷೆಯನ್ನೂ ಕಳಿಸಿದ್ದಾರೆ. ಅದಕ್ಕೆ ಹಣ ಇಲ್ಲ.

ಮುಖ ನೋಡದವರಿಗೆ ದುಡಿದು ಕೊಡಬೇಡ ಅನ್ನುತ್ತಾರೆ ಅಪ್ಪ. ಈ ಊರಿನಲ್ಲಿ ಕೂತು ನನ್ನ ಓದಿಗೆ ತಕ್ಕ ಬೇರೆ ಕೆಲಸ ಸಿಗುವುದು ಕಷ್ಟ. ಈ ಕೆಲಸ ನನಗೆ ತುಂಬಾ ಇಷ್ಟ ಕೂಡ. ಅನುಭವ ಇರುವವರು ದಯವಿಟ್ಟು ಹೇಳಿ. ಯಾರಿಗೆ ಹೂಂ ಅನ್ನಲಿ?

ಧಾರವಾಡದ_ಓದುಗ:

ನಿಮ್ಮ ತಂದೆಯವರ ಕಾಳಜಿ ಸರಿಯಾಗಿಯೇ ಇದೆ. ಆದರೆ ಎದುರಿಗೆ ಕೂತು ಚಹಾ ಕುಡಿದವರೂ ದುಡ್ಡು ಕೊಡದೆ ತಿಂಗಳುಗಟ್ಟಲೆ ಓಡಾಡಿಸಿದ್ದನ್ನು ನಾನು ಕಂಡಿದ್ದೇನೆ. ಮುಖ ನೋಡಿದರೆ ಸಾಲದು, ನೋಡಬೇಕಾದದ್ದು ಬೇರೆ ಇದೆ.

ಕೆಲಸ ಮಾಡಿ ಕೊಟ್ಟು 60 ದಿನ ಕಾಯುವುದು ಅಂದರೆ ನೀವು ಅವರಿಗೆ ಉದ್ರಿ ಕೊಟ್ಟ ಹಾಗೆ. ನಮ್ಮ ಓಣಿಯ ಕಿರಾಣಿ ಅಂಗಡಿಯವರು ಹೊಸಬರಿಗೆ ಮೊದಲ ದಿನವೇ ಅಕ್ಕಿ ಮೂಟೆ ಉದ್ರಿ ಕೊಡುವುದಿಲ್ಲ. ಅರ್ಧ ಕಿಲೋ ಸಕ್ಕರೆ ಕೊಟ್ಟು ನೋಡುತ್ತಾರೆ. ನಿಮ್ಮ ಲಂಡನ್ ಲೆಕ್ಕ ಹಾಕಿ ನೋಡಿ. 18,000 ಪದಕ್ಕೆ 1,440 ಪೌಂಡ್, ಅಂದರೆ ಒಂದೂವರೆ ಲಕ್ಷ ರೂಪಾಯಿ ಮೀರುತ್ತದೆ. ತಿಂಗಳ ಮೊದಲ ವಾರ ಕೆಲಸ ಮುಗಿಸಿದರೆ, ಆ ತಿಂಗಳು ಮುಗಿದು 60 ದಿನ ಅಂದರೆ ಹತ್ತಿರ ಹತ್ತಿರ ಮೂರು ತಿಂಗಳು. ಹೆಸರೇ ಕೇಳದ ಒಬ್ಬರಿಗೆ ಮೂರು ತಿಂಗಳು ಒಂದೂವರೆ ಲಕ್ಷ ಉದ್ರಿ. ಇದನ್ನು ನೀವು ಕೊಡುತ್ತೀರಾ?

ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ಇದೆ. ಹಣ ಬರದಿದ್ದರೆ ಸಾಗರದಲ್ಲಿ ಕೂತು ಲಂಡನ್‌ನವರ ಮೇಲೆ ಕೇಸು ನಡೆಸುವುದು ಆಗದ ಮಾತು. ವಕೀಲರ ಖರ್ಚೇ ಬಾಕಿಯನ್ನು ಮೀರುತ್ತದೆ. ಆದ್ದರಿಂದ ಒಬ್ಬ ಗ್ರಾಹಕರ ಹತ್ತಿರ ಒಂದು ಹೊತ್ತಿನಲ್ಲಿ ನಮ್ಮ ದುಡ್ಡು ಎಷ್ಟು ನಿಂತಿರಬೇಕು ಅನ್ನುವುದಷ್ಟೇ ನಮ್ಮ ಕೈಯಲ್ಲಿದೆ. ಹೊಸ ಏಜೆನ್ಸಿಯ ಮಟ್ಟಿಗೆ ನನ್ನ ಮಿತಿ ಹೀಗೆ: ಆ ಹಣ ಪೂರ್ತಿ ಹೋದರೂ ಆ ತಿಂಗಳ ಮನೆ ಬಾಡಿಗೆ, ಮಕ್ಕಳ ಫೀ ನಿಲ್ಲಬಾರದು. ಮೊದಲ ಇನ್‌ವಾಯ್ಸ್ ಹಣ ಖಾತೆಗೆ ಬೀಳುವ ತನಕ ಎರಡನೇ ದೊಡ್ಡ ಕೆಲಸ ತೆಗೆದುಕೊಳ್ಳುವುದಿಲ್ಲ. ಬಂದ ಮೇಲೆ ಮಿತಿ ಏರಿಸುತ್ತೇನೆ. ನಿಜವಾದ ಏಜೆನ್ಸಿಗಳಿಗೆ ಇದನ್ನು ಬಿಡಿಸಿ ಹೇಳಿದರೆ ಅರ್ಥ ಮಾಡಿಕೊಳ್ಳುತ್ತವೆ. ಕೆಲಸವನ್ನು ಭಾಗ ಮಾಡಿ, ಮೊದಲ ಭಾಗದ ಹಣ ಕೊಟ್ಟು ಮುಂದುವರಿದವರು ನನ್ನ ಹಳೆಯ ಗ್ರಾಹಕರಲ್ಲೇ ಇದ್ದಾರೆ.

ಇನ್ನು ಅವರು ಯಾರು ಅಂತ ನೋಡುವುದು. ಬ್ರಿಟನ್ನಿನ ಕಂಪನಿ ಆದರೆ ಇದು ತುಂಬಾ ಸುಲಭ. ಅಲ್ಲಿನ ಕಂಪನೀಸ್ ಹೌಸ್ ಜಾಲತಾಣದಲ್ಲಿ ಹೆಸರು ಹಾಕಿದರೆ ಪುಕ್ಕಟೆಯಾಗಿ ಎಲ್ಲ ಸಿಗುತ್ತದೆ. ಯಾವತ್ತು ನೋಂದಣಿ ಆಯಿತು, ನಿರ್ದೇಶಕರು ಯಾರು, ಲೆಕ್ಕಪತ್ರ ಸಲ್ಲಿಸಿದ್ದಾರಾ ಅನ್ನುವುದೆಲ್ಲ. ಹೆಸರು ಇದೆ ಅಂತ ಅಷ್ಟಕ್ಕೇ ಸಮಾಧಾನ ಆಗಬೇಡಿ. ಕಂಪನಿ ನೋಂದಾಯಿಸುವುದು ಅಲ್ಲಿ ಕಷ್ಟದ ಕೆಲಸ ಅಲ್ಲ. ಲೆಕ್ಕಪತ್ರ ಬಾಕಿ ಇದ್ದರೆ, ಪಟ್ಟಿಯಿಂದ ತೆಗೆದುಹಾಕುವ ಪ್ರಸ್ತಾಪದ ಸೂಚನೆ ಇದ್ದರೆ, ದೂರ ಇರಿ.

ಕಂಪನಿ ನಿಜ ಇದ್ದು ಮೇಲ್ ಬರೆದವರು ಸುಳ್ಳು ಆಗಿರಬಹುದು. ಈಗ ಜಾಸ್ತಿ ನಡೆಯುತ್ತಿರುವ ಮೋಸ ಇದೇ. ಒಳ್ಳೆಯ ಏಜೆನ್ಸಿಯ ಹೆಸರು, ಲೋಗೋ, ನೋಂದಣಿ ಸಂಖ್ಯೆ ಎಲ್ಲವನ್ನೂ ಎತ್ತಿಕೊಂಡು ಜಿಮೇಲ್‌ನಿಂದಲೋ, ಒಂದಕ್ಷರ ಬದಲಿಸಿದ ಡೊಮೈನ್‌ನಿಂದಲೋ ಬರೆಯುತ್ತಾರೆ. ಆ ಮೇಲ್‌ಗೆ ಉತ್ತರ ಕೊಟ್ಟು ವಿಚಾರಿಸಿದರೆ ಉಪಯೋಗ ಇಲ್ಲ. ಕಂಪನಿಯ ಜಾಲತಾಣವನ್ನು ನೀವೇ ಹುಡುಕಿ ತೆಗೆದು, ಅಲ್ಲಿರುವ ವಿಳಾಸಕ್ಕೆ ಬೇರೆಯೇ ಮೇಲ್ ಬರೆಯಿರಿ: ಈ ಹೆಸರಿನವರು ನಿಮ್ಮಲ್ಲಿ ಇದ್ದಾರಾ, ಈ ಕೆಲಸ ನಿಮ್ಮದೇನಾ ಅಂತ.

ಪ್ರೋಝ್‌ನಲ್ಲೇ ಬ್ಲೂ ಬೋರ್ಡ್ ಎಂಬ ಏಜೆನ್ಸಿಗಳ ಪಟ್ಟಿ ಇದೆ. ಇವರ ಜೊತೆ ಮತ್ತೆ ಕೆಲಸ ಮಾಡುತ್ತೀರಾ ಅನ್ನುವ ಪ್ರಶ್ನೆಗೆ ಅನುವಾದಕರು 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ನಾನು ಸರಾಸರಿ ನೋಡುವುದೇ ಇಲ್ಲ. ಕಳೆದ ಒಂದು ವರ್ಷದಲ್ಲಿ ಬಂದ ಅಂಕ ನೋಡುತ್ತೇನೆ. ಹತ್ತು ವರ್ಷ 5 ಪಡೆದವರು ಈಚೆಗೆ ಸಾಲಾಗಿ 1, 2 ಪಡೆಯುತ್ತಿದ್ದರೆ ಅಲ್ಲಿ ಹಣದ ಬಿಕ್ಕಟ್ಟು ಶುರುವಾಗಿದೆ ಅಂತ ಅರ್ಥ. ದೂರಿಗೆ ಏಜೆನ್ಸಿ ಕೊಟ್ಟ ಉತ್ತರವನ್ನೂ ಓದಿ. ಸೌಜನ್ಯದಿಂದ ವಿವರ ಕೊಟ್ಟಿದ್ದಾರಾ, ಅನುವಾದಕರ ಮೇಲೆ ಹರಿಹಾಯ್ದಿದ್ದಾರಾ? ಮುಂದೆ ನಿಮ್ಮ ಜೊತೆಗೂ ಹಾಗೇ ನಡೆದುಕೊಳ್ಳುತ್ತಾರೆ.

ಸಿವಿ ವಿಷಯ. ಸಿವಿ ಕದ್ದು, ಅದರಲ್ಲಿ ಮೇಲ್ ವಿಳಾಸ ಮಾತ್ರ ಬದಲಿಸಿ, ನಿಮ್ಮ ಹೆಸರಿನಲ್ಲಿ ಕೆಲಸ ಹಿಡಿಯುವ ಗುಂಪುಗಳಿವೆ. ಟ್ರಾನ್ಸ್‌ಲೇಟರ್ ಸ್ಕ್ಯಾಮರ್ಸ್ ಡೈರೆಕ್ಟರಿ ಎಂಬ ಜಾಲತಾಣ ಇಂಥವರ ಮೇಲ್ ವಿಳಾಸಗಳ ಪಟ್ಟಿ ಇಟ್ಟಿದೆ. ಬಂದ ವಿಳಾಸವನ್ನು ಅಲ್ಲಿ ಒಮ್ಮೆ ಹುಡುಕಿ. ಹುಟ್ಟಿದ ದಿನ, ಮನೆ ವಿಳಾಸ, ಪ್ಯಾನ್, ಪ್ರಮಾಣಪತ್ರ ಯಾವುದನ್ನೂ ಈ ಹಂತದಲ್ಲಿ ಕೊಡಬೇಡಿ. ಲಂಡನ್‌ನವರಿಗೆ ನಿಮ್ಮ ಪ್ಯಾನ್ ಕಾರ್ಡ್ ಪ್ರತಿಯಿಂದ ಏನಾಗಬೇಕು?

ಇನ್ನು ಜರ್ಮನಿಯವರು ಜಾಸ್ತಿ ಪ್ರಶ್ನೆ ಕೇಳುತ್ತಾರೆ ಅಂದಿರಿ. ನನಗೆ ಅದು ತುಂಬಾ ಒಳ್ಳೆಯ ಲಕ್ಷಣವಾಗಿ ಕಾಣುತ್ತದೆ. ಯೂನಿಕೋಡ್ ಬಗ್ಗೆ ಕೇಳಿದ್ದಾರೆ ಅಂದರೆ ಹಿಂದೆ ಯಾರೋ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಫೈಲ್ ಕೊಟ್ಟು ಇವರಿಗೆ ತೊಂದರೆ ಆಗಿರಬೇಕು. ಅಂದರೆ ಕನ್ನಡದ ಕೆಲಸ ನಿಜಕ್ಕೂ ಮಾಡಿಸಿದ್ದಾರೆ. ತಿದ್ದುವವರ ಬಗ್ಗೆ ಕೇಳಿದ್ದಾರೆ ಅಂದರೆ ಅನುವಾದ ಚೆನ್ನಾಗಿರಬೇಕು ಅನ್ನುವ ಆಸೆ ಇದೆ. ಕೆಲಸದ ಬಗ್ಗೆ ಏನೂ ಕೇಳದೆ ದಾಖಲೆಗಳನ್ನು ಮಾತ್ರ ಕೇಳುವವರಿಗೆ ಬೇಕಾಗಿರುವುದು ಅನುವಾದ ಅಲ್ಲ.

ಚಾಮುಂಡಿ_ಬೆಟ್ಟ:

ಧಾರವಾಡದ ಸರ್ ಹೇಳಿದ್ದರಲ್ಲಿ ಒಂದಕ್ಕೆ ಮಾತ್ರ ನನ್ನ ತಕರಾರು. ಪದವಿ ಪ್ರಮಾಣಪತ್ರ ಕೇಳಿದರು ಅಂತ ಅನುಮಾನ ಪಡಬೇಕಾಗಿಲ್ಲ. ಐಎಸ್‌ಒ 17100 ಎಂಬ ಅನುವಾದ ಸೇವೆಯ ಮಾನದಂಡ ಪಾಲಿಸುವ ಏಜೆನ್ಸಿ ಅನುವಾದಕರ ಅರ್ಹತೆಗೆ ದಾಖಲೆ ಇಟ್ಟುಕೊಳ್ಳಲೇಬೇಕು. ಅನುವಾದದಲ್ಲೇ ಪದವಿ, ಇಲ್ಲವೇ ಬೇರೆ ಪದವಿಯ ಜೊತೆ ಎರಡು ವರ್ಷದ ಪೂರ್ಣಾವಧಿ ಅನುಭವ, ಇಲ್ಲವೇ ಐದು ವರ್ಷದ ಪೂರ್ಣಾವಧಿ ಅನುಭವ ಇರಬೇಕು ಅನ್ನುತ್ತದೆ ಅದು. ಹಾಗಾಗಿ ಒಳ್ಳೆಯ ಏಜೆನ್ಸಿಗಳೂ ಕೇಳುತ್ತವೆ. ಯಾರು, ಯಾವ ಹಂತದಲ್ಲಿ ಕೇಳುತ್ತಾರೆ ಅನ್ನುವುದು ಮುಖ್ಯ. ಕಂಪನಿ ನಿಜ ಅಂತ ಖಾತ್ರಿಯಾದ ಮೇಲೆ, ಪ್ರತಿಯ ಮೇಲೆ ಅಡ್ಡಲಾಗಿ ಆ ಏಜೆನ್ಸಿಯ ಹೆಸರು, ದಿನಾಂಕ ಬರೆದು ಕಳಿಸಿ.

ನನಗೆ ಹೆದರಿಕೆ ಹುಟ್ಟಿಸಿದ್ದು ಆ ನಾಲ್ಕು ದಿನ. ನಾನು ಮೈಸೂರಿನಲ್ಲಿ ಇದೇ ಕೆಲಸ ಮಾಡುತ್ತೇನೆ, ಒಪ್ಪಿಗೆ ಪತ್ರ, ರೋಗಿಗಳ ದಿನಚರಿ, ಪ್ರಶ್ನಾವಳಿ. ಅನುಭವ ಇರುವವರೂ ದಿನಕ್ಕೆ 2,000ದಿಂದ 2,500 ಪದ ಮಾಡಿದರೆ ಅದು ಒಳ್ಳೆಯ ವೇಗ. 18,000 ಪದವನ್ನು ನಾಲ್ಕು ದಿನದಲ್ಲಿ ಒಬ್ಬರಿಂದ ಮಾಡಿಸಲು ಹೊರಟವರಿಗೆ ಈ ಕೆಲಸ ಗೊತ್ತಿಲ್ಲ, ಇಲ್ಲವೇ ಕೆಲಸವೇ ಬೇಕಾಗಿಲ್ಲ. ಭಾರತದಲ್ಲಿ 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಮಂಡ್ಯದ ಒಬ್ಬ ರೈತರು ಆಸ್ಪತ್ರೆಯಲ್ಲಿ ಕೂತು, ನೀವು ಬರೆದದ್ದನ್ನು ಓದಿ ಸಹಿ ಹಾಕುತ್ತಾರೆ. ಔಷಧದ ಅಡ್ಡಪರಿಣಾಮ ಏನು, ಯಾವಾಗ ಬೇಕಾದರೂ ಬಿಟ್ಟು ಹೋಗಬಹುದಾ ಅನ್ನುವುದು ಅವರಿಗೆ ತಿಳಿಯುವುದು ನಿಮ್ಮ ಮಾತಿನಿಂದ. ಒಳ್ಳೆಯ ಏಜೆನ್ಸಿ ಅದಕ್ಕೇ ಅನುವಾದ ಆದ ಮೇಲೆ ಇನ್ನೊಬ್ಬರಿಂದ ತಿದ್ದಿಸುತ್ತದೆ. ಮೂಲವನ್ನೇ ನೋಡದ ಮತ್ತೊಬ್ಬರಿಂದ ವಾಪಸ್ ಇಂಗ್ಲಿಷಿಗೆ ತರಿಸಿ ಹೋಲಿಸುತ್ತದೆ. ಇದರ ಮಾತೇ ಎತ್ತದವರಿಗೆ, ಹಣ ಮುಂಗಡ ಕೊಟ್ಟರೂ ನಾನು ಮಾಡುವುದಿಲ್ಲ.

ಕರಾರು ಕಳಿಸಿದಾಗ ಎರಡು ಕಡೆ ಕಣ್ಣಿಟ್ಟು ಓದಿ. ತಮ್ಮ ಗ್ರಾಹಕರು ಹಣ ಕೊಟ್ಟ ಮೇಲೆ ನಿಮಗೆ ಕೊಡುತ್ತೇವೆ ಅಂತ ಇದ್ದರೆ ತೆಗೆಸಿ. ನಷ್ಟವಾದರೆ ಪೂರ್ತಿ ನಿಮ್ಮ ಹೊಣೆ ಅಂತ ಇದ್ದರೆ, ಆ ಕೆಲಸದ ಸಂಭಾವನೆಯಷ್ಟಕ್ಕೆ ಮಾತ್ರ ಅಂತ ತಿದ್ದಿಸಿ. ಮತ್ತೆ ಲೆಕ್ಕ ಇಂಗ್ಲಿಷ್ ಮೂಲದ ಪದಗಳ ಮೇಲೇ ಇರಲಿ. ಕನ್ನಡಕ್ಕೆ ಬಂದಾಗ ಪದಗಳ ಸಂಖ್ಯೆ ಕಡಿಮೆಯಾಗುತ್ತದೆ, ಅದರ ಮೇಲೆ ಎಣಿಸಿದರೆ ನಿಮಗೇ ನಷ್ಟ.

ಸ್ಟುಟ್‌ಗಾರ್ಟ್_ಕನ್ನಡಿಗ:

ಜರ್ಮನಿಯ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಇಲ್ಲಿ ವ್ಯಾಪಾರ ಮಾಡುವವರ ಜಾಲತಾಣದಲ್ಲಿ ಇಂಪ್ರೆಸುಮ್ ಎಂಬ ಪುಟ ಇರಲೇಬೇಕು, ಕಾನೂನು ಇದೆ. ಹೆಸರು, ಅಂಚೆ ವಿಳಾಸ, ನೋಂದಣಿ ಸಂಖ್ಯೆ ಇದ್ದರೆ ಅದು, ವ್ಯಾಟ್ ಸಂಖ್ಯೆ ಇದ್ದರೆ ಅದೂ ಅಲ್ಲಿರುತ್ತದೆ. ಆ ನೋಂದಣಿ ಸಂಖ್ಯೆಯನ್ನು ಇಲ್ಲಿನ ಕಂಪನಿಗಳ ನೋಂದಣಿ ದಫ್ತರವಾದ ಹಾಂಡೆಲ್ಸ್‌ರೆಗಿಸ್ಟರ್ ಜಾಲತಾಣದಲ್ಲಿ ಹುಡುಕಿ. 2022ರ ಆಗಸ್ಟ್‌ನಿಂದ ದಾಖಲೆ ತೆಗೆಯಲು ಶುಲ್ಕ ಇಲ್ಲ. ವ್ಯಾಟ್ ಸಂಖ್ಯೆಯನ್ನು ಐರೋಪ್ಯ ಒಕ್ಕೂಟದ ವೀಸ್ (VIES) ಪುಟದಲ್ಲಿ ಹಾಕಿದರೆ ಚಾಲ್ತಿಯಲ್ಲಿದೆಯಾ ಅಂತ ತಕ್ಷಣ ತೋರಿಸುತ್ತದೆ. ಒಬ್ಬರೇ ನಡೆಸುವ ಸಣ್ಣ ಏಜೆನ್ಸಿ ಆದರೆ ಹಾಂಡೆಲ್ಸ್‌ರೆಗಿಸ್ಟರ್‌ನಲ್ಲಿ ಇಲ್ಲದೇ ಇರಬಹುದು. ಅಷ್ಟಕ್ಕೇ ಮೋಸ ಅಂದುಕೊಳ್ಳಬೇಡಿ.

ಕಾನೂನು ಕೂಡ ಸ್ವಲ್ಪ ನಿಮ್ಮ ಕಡೆ ಇದೆ. ಹಣ ತಡ ಮಾಡುವ ವ್ಯಾಪಾರಿಗಳ ಬಗ್ಗೆ ಐರೋಪ್ಯ ಒಕ್ಕೂಟದ 2011ರ ನಿರ್ದೇಶನ ಇದೆ. ತಡವಾದರೆ ಬಡ್ಡಿ, ಜೊತೆಗೆ ವಸೂಲಿ ಖರ್ಚಿಗೆ ಕನಿಷ್ಠ 40 ಯೂರೋ ಕೇಳಬಹುದು ಅನ್ನುತ್ತದೆ. ನೀವು ಭಾರತದಲ್ಲಿ ಕೂತು ಅದನ್ನು ಕೋರ್ಟಿನವರೆಗೆ ಒಯ್ಯಲಿಕ್ಕಿಲ್ಲ. ಆದರೆ ಇನ್‌ವಾಯ್ಸ್ ಅಡಿಯಲ್ಲಿ ಪಾವತಿಯ ಕೊನೆಯ ದಿನಾಂಕ ಸ್ಪಷ್ಟವಾಗಿ ಬರೆದು, ತಡವಾದರೆ ಮಾನುಂಗ್ ಅಂತ ತಲೆಬರಹ ಹಾಕಿ ನೆನಪಿನ ಪತ್ರ ಕಳಿಸಿ. ಇಲ್ಲಿಯವರು ಆ ಪತ್ರವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

250 ಪದದ ಪರೀಕ್ಷೆ ಮಾಡಿಕೊಡಿ, ತಪ್ಪಿಲ್ಲ. ಸಾವಿರ ಪದ ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ದೊಡ್ಡ ಫೈಲನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಪರೀಕ್ಷೆ ಅಂತ ಕೊಟ್ಟು, ಪುಕ್ಕಟೆ ಕೆಲಸ ಮುಗಿಸುವವರಿದ್ದಾರೆ.

ಶರಾವತಿ_ತೀರ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಸಾರೆ ಧನ್ಯವಾದ. ಲಂಡನ್ ಕಂಪನಿಯ ಜಾಲತಾಣದಲ್ಲಿದ್ದ ವಿಳಾಸಕ್ಕೆ ಬರೆದೆ. ಮರುದಿನವೇ ಉತ್ತರ ಬಂತು. ಆ ಹೆಸರಿನವರು ಅವರಲ್ಲಿ ಯಾರೂ ಇಲ್ಲವಂತೆ. ಅವರ ಹೆಸರಿನಲ್ಲಿ ಬೇರೆ ಅನುವಾದಕರಿಗೂ ಇಂಥ ಮೇಲ್ ಹೋಗಿದೆಯಂತೆ. ನಾನು ದಾಖಲೆ ಏನನ್ನೂ ಕಳಿಸಿರಲಿಲ್ಲ. ಅಪ್ಪನಿಗೆ ಆ ಉತ್ತರವನ್ನು ಓದಿ ಹೇಳಿದೆ.

ಜರ್ಮನಿಯವರ ಇಂಪ್ರೆಸುಮ್ ಸರಿಯಾಗಿದೆ, ವ್ಯಾಟ್ ಸಂಖ್ಯೆಯೂ ಚಾಲ್ತಿಯಲ್ಲಿದೆ. ಪರೀಕ್ಷೆ ಕಳಿಸಿದೆ. ಎರಡು ಕಡೆ ತಿದ್ದುಪಡಿ ಸೂಚಿಸಿ, ಯಾಕೆ ಅಂತಲೂ ಬರೆದು ಒಪ್ಪಿದ್ದಾರೆ. ಕೈಪಿಡಿಯ ಮೊದಲ ಅಧ್ಯಾಯ ಮಾತ್ರ ಮೊದಲು ಮಾಡುತ್ತೇನೆ, ಅದರ ಹಣ ಬಂದ ಮೇಲೆ ಉಳಿದದ್ದು ಅಂದೆ. ಸರಿ ಅಂದರು. ಪರ್ಚೇಸ್ ಆರ್ಡರ್ ಬಂದಿದೆ, 1,100 ಪದ, 44 ಯೂರೋ. ಇಷ್ಟು ಸಣ್ಣ ಮೊತ್ತವನ್ನು ಹೇಗೆ ತರಿಸಿಕೊಳ್ಳುವುದು?

ಧಾರವಾಡದ_ಓದುಗ:

ತುಂಬಾ ಸಂತೋಷ ಆಯಿತು. 44 ಯೂರೋವನ್ನು ನೇರ ಸ್ವಿಫ್ಟ್ ಮೂಲಕ, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ, ತರಿಸಬೇಡಿ. ನಡುವಿನ ಬ್ಯಾಂಕುಗಳೇ ಅದರಲ್ಲಿ ದೊಡ್ಡ ಪಾಲು ಹಿಡಿದುಕೊಳ್ಳುತ್ತವೆ. ಪೇಪಾಲ್ ಬೇಗ ಆಗುತ್ತದೆ, ಆದರೆ ಶುಲ್ಕದ ಜೊತೆಗೆ ಅವರ ವಿನಿಮಯ ದರದಲ್ಲೂ ಹಣ ಹೋಗುತ್ತದೆ. ವೈಸ್, ಪಯೋನಿಯರ್ ಎಂಬ ಹಣ ರವಾನೆ ಸೇವೆಗಳಿವೆ, ಎರಡರ ಶುಲ್ಕವನ್ನೂ ಅವತ್ತಿನ ದಿನ ಹೋಲಿಸಿ ನೋಡಿ, ಅವರಿಗೆ ಯಾವುದು ಅನುಕೂಲ ಅಂತಲೂ ಕೇಳಿ. ಮುಂದೆ ಕೆಲಸ ನಿರಂತರವಾಗಿ ಬಂದರೆ ತಿಂಗಳಿಗೆ ಒಂದೇ ಇನ್‌ವಾಯ್ಸ್ ಮಾಡಿ. ಯಾವ ದಾರಿಯಲ್ಲಿ ಬಂದರೂ ವಿದೇಶದಿಂದ ಹಣ ಬಂದದ್ದಕ್ಕೆ ಕೊಡುವ ಎಫ್‌ಐಆರ್‌ಎ ಪತ್ರ ಪಡೆದು, ಪರ್ಚೇಸ್ ಆರ್ಡರ್ ಸಂಖ್ಯೆಯ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಡಿ. ತೆರಿಗೆ ಲೆಕ್ಕ ಕೊಡುವಾಗ ಬೇಕಾಗುತ್ತದೆ.